ರಿಪೋರ್ಟ್ ಒಬ್ಬರದು, ಸುದ್ದಿ ಮನೆಯವರದು

12 ಮಾರ್ಚ್ 2025, ಬುಧವಾರ

ಲಂಡನ್ನಿನ ಆ ಕೇಸನ್ನು ಇವತ್ತು ಮತ್ತೆ ತೆಗೆದು ಓದಿದೆ. ತೀರ್ಪಿನಲ್ಲಿ ಮಗಳ ಹೆಸರು ಬರೀ ‘ಎಬಿಸಿ’. 2007ರಲ್ಲಿ ಅವಳ ಅಮ್ಮನನ್ನು ಅಪ್ಪನೇ ಕೊಂದ. 2009ರಲ್ಲಿ ಅವನಿಗೆ ಹಂಟಿಂಗ್ಟನ್ ಕಾಯಿಲೆ, ಅಂದರೆ ಮೆದುಳನ್ನು ನಿಧಾನವಾಗಿ ಹಾಳುಮಾಡುವ ವಂಶಪಾರಂಪರ್ಯ ರೋಗ ಎಂದು ಗೊತ್ತಾಯಿತು. ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ವಾಸಿ ಮಾಡುವ ಔಷಧಿ ಇಲ್ಲ. ಮಗಳು ಆಗ ಬಸುರಿ. ಅವಳಿಗೆ ಹೇಳಬೇಡಿ ಎಂದ ಅಪ್ಪ. ಗರ್ಭ ತೆಗೆಸಿಯಾಳು, ಇಲ್ಲ ಜೀವ ಕಳೆದುಕೊಂಡಾಳು ಎಂಬ ಭಯ ಅವನಿಗೆ. ಡಾಕ್ಟರುಗಳು ಹೇಳಲಿಲ್ಲ. ಮಗಳು ಅದೇ ಆಸ್ಪತ್ರೆಯವರ ಫ್ಯಾಮಿಲಿ ಥೆರಪಿಗೆ ಬಂದು ಅಪ್ಪನ ಜೊತೆ ಕೂತಿದ್ದವಳು! ಮಗು ಹುಟ್ಟಿದ ಮೇಲೆ ಒಬ್ಬ ಡಾಕ್ಟರ ಬಾಯಿ ತಪ್ಪಿ ವಿಷಯ ಹೊರಬಿತ್ತು. ಪರೀಕ್ಷೆ ಮಾಡಿಸಿದರೆ ಅವಳಿಗೂ ಇತ್ತು. ತನಗೆ ಹೇಳಲಿಲ್ಲವೆಂದು ಅವಳು ಕೇಸು ಹಾಕಿದಳು.

2020ರಲ್ಲಿ ಹೈಕೋರ್ಟ್, ಅಪ್ಪನ ಗುಟ್ಟನ್ನೂ ಮಗಳ ಹಿತವನ್ನೂ ತೂಗಿ ನೋಡುವ ಹೊಣೆ ಡಾಕ್ಟರಿಗಿದೆ ಎಂದಿತು. ಆದರೆ ಈ ಕೇಸಿನಲ್ಲಿ ಹೇಳದೆ ಇದ್ದದ್ದು ತಪ್ಪಲ್ಲ ಎಂದು ಮಗಳನ್ನು ಸೋಲಿಸಿತು. ನನಗಂತೂ ಒಪ್ಪಲು ಕಷ್ಟ.

ಓದಲು ಕಾರಣ ಮಧ್ಯಾಹ್ನ ಆಸ್ಪತ್ರೆಯಲ್ಲಿ ಜೀನ್ ಪರೀಕ್ಷೆಯ ಬಗ್ಗೆ ನನ್ನ ಹತ್ತಿರ ಮಾತಾಡಲು ಬಂದಿದ್ದ ಹೆಂಗಸು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಸ್ತನ ಕ್ಯಾನ್ಸರ್, ಬಿಆರ್‌ಸಿಎ1 ಜೀನ್‌ನಲ್ಲಿ ದೋಷ. ಈ ದೋಷವಿದ್ದರೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚು, ಒಡಹುಟ್ಟಿದವರಲ್ಲೂ ಅದು ಇರಬಹುದು. ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನ ಒಳಜಿಪ್ಪಿಗೆ ಸೇರಿಸಿದರು. ಸ್ಕ್ಯಾನ್ ಫಿಲ್ಮುಗಳು ಮಾತ್ರ ಕವರಿನಲ್ಲೇ ಇದ್ದವು. “ತಂಗಿಗೆ ಗೊತ್ತಾಗೋದು ಬೇಡ ಮೇಡಂ. ಭಾನುವಾರ ಗಂಡಿನ ಕಡೆಯವರು ಬರ್ತಿದ್ದಾರೆ.”

ಅವರ ಭಯ ಸುಳ್ಳಲ್ಲ. ಇಂಥ ಸುದ್ದಿಗೆ ಸಂಬಂಧ ಮುರಿಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಇದು ಹಂಟಿಂಗ್ಟನ್ ಅಲ್ಲ ಅಲ್ವಾ? ತಂಗಿಗೆ ಮೊದಲೇ ಗೊತ್ತಾದರೆ ಎಂಆರ್‌ಐ ಮಾಡಿಸುತ್ತಾ ಕಣ್ಣಿಡಬಹುದು, ಮಕ್ಕಳಾದ ಮೇಲೆ ಅಂಡಾಶಯ ತೆಗೆಸಬಹುದು. ಅಪಾಯ ಎಷ್ಟೋ ಇಳಿಯುತ್ತದೆ.

ಹಾಗಂತ ನಾನೇ ತಂಗಿಗೆ ಫೋನ್ ಮಾಡಲೂ ಆಗದು. ತಿಳಿಯುವುದೇ ಬೇಡ ಎನ್ನುವ ಹಕ್ಕು ಅವಳಿಗೂ ಇದೆ. 2007ರಲ್ಲಿ ಡಿಎನ್ಎ ರಚನೆ ಕಂಡುಹಿಡಿದವರಲ್ಲೊಬ್ಬರಾದ ಜೇಮ್ಸ್ ವಾಟ್ಸನ್ ಅಂಥವರೇ ತಮ್ಮ ಇಡೀ ಜೀನೋಮ್ (ಎಲ್ಲ ಜೀನ್‌ಗಳ ಪೂರ್ತಿ ವಿವರ) ಬಿಚ್ಚಿಟ್ಟರೂ, ಆಲ್ಝೈಮರ್ ಅಪಾಯ ಹೇಳುವ ಜೀನ್ ಒಂದನ್ನು ನೋಡಲು ಒಲ್ಲೆ ಎಂದಿದ್ದರು.

ಕೊನೆಗೆ ಹೆಸರು ಹಾಕದ ಒಂದು ಪತ್ರ ಬರೆದುಕೊಟ್ಟೆ. ಮನೆಯವರು ಯಾರು ಬೇಕಾದರೂ ಅದನ್ನು ಹಿಡಿದು ಪರೀಕ್ಷೆಗೆ ಬರಬಹುದು. “ಮೊದಲು ಅಮ್ಮನ ಹತ್ರ ಮಾತಾಡ್ತೀನಿ” ಎಂದರು. ಭಾನುವಾರ ಕಳೆಯುವ ತನಕ ಮಾತಾಡಲಾರರು, ಅದು ನನಗೂ ಗೊತ್ತು.

ದೋಷ ಸಿಕ್ಕರೆ ಯಾರಿಗೆ ಹೇಳ್ತೀರಿ ಅಂತ ರಕ್ತ ತೆಗೆಯುವ ಮೊದಲೇ ಕೇಳಬೇಕು. ಆಗ ಮನಸ್ಸು ತಿಳಿಯಾಗಿರುತ್ತದೆ, ಗಂಡಿನ ಕಡೆಯವರೂ ಬಾಗಿಲಲ್ಲಿ ಇರುವುದಿಲ್ಲ. ನಮ್ಮ ಒಪ್ಪಿಗೆ ಫಾರಂನಲ್ಲಿ ಅದಕ್ಕೊಂದು ಸಾಲೂ ಇಲ್ಲ. ನಾಳೆ ಡಾಕ್ಟರ ಹತ್ತಿರ ಈ ವಿಷಯ ಎತ್ತಬೇಕು.