ಅಳೆದು ಕೊಡುವ ಆಸರೆ

ಕ್ಯಾಲಿಫೋರ್ನಿಯಾದಲ್ಲಿ ಹಿರಿಯರು ವಾಸಿಸುವ ವಸತಿ ಸಮುದಾಯವೊಂದರ ಸ್ವಾಗತ ಕಚೇರಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಊರಿನಿಂದ ಫೋನ್ ಮಾಡುವ ನೆಂಟರು ಇದನ್ನು ವೃದ್ಧಾಶ್ರಮವೆಂದೇ ತಿಳಿದು, ‘ಪಾಪ, ಮಕ್ಕಳು ತಂದು ಬಿಟ್ಟುಹೋಗುತ್ತಾರಂತಲ್ಲ’ ಎಂದು ಮರುಗುತ್ತಾರೆ. ಹಾಗೆ ಬಂದವರೂ ಇದ್ದಾರೆ, ಇಲ್ಲವೆನ್ನಲಾರೆ. ಆದರೆ ಹೆಚ್ಚಿನವರು ತಮ್ಮ ಮನೆಯನ್ನು ತಾವೇ ಮಾರಿ, ಕರಾರುಪತ್ರಕ್ಕೆ ತಾವೇ ಸಹಿ ಹಾಕಿ, ಮೆಚ್ಚಿನ ಸೋಫಾವನ್ನೂ ಗೋಡೆಯ ಪಟಗಳನ್ನೂ ಜೊತೆಗೆ ತಂದವರು. ಬಾಗಿಲಿನ ಬೀಗದ ಕೈ ಅವರ ಬಳಿಯೇ ಇರುತ್ತದೆ. ನಾವು ಬಾಗಿಲು ತಟ್ಟಿ, ಅವರು ಬರಹೇಳಿದ ಮೇಲೆ ಒಳಗೆ ಹೋಗಬೇಕು.

ನಮ್ಮಲ್ಲಿ ಮೂರು ವಿಭಾಗಗಳಿವೆ. ಯಾರ ನೆರವೂ ಬೇಡದವರಿಗೆ ಇಂಡಿಪೆಂಡೆಂಟ್ ಲಿವಿಂಗ್, ಸ್ನಾನಕ್ಕೋ ಮಾತ್ರೆಗೋ ಇನ್ನೊಬ್ಬರು ಬೇಕಾದವರಿಗೆ ಅಸಿಸ್ಟೆಡ್ ಲಿವಿಂಗ್, ಮರೆವಿನ ಕಾಯಿಲೆ ಬಲಿತವರಿಗೆ ಮೆಮೊರಿ ಕೇರ್. ಮೊದಲನೆಯದು ಹೆಚ್ಚುಕಡಿಮೆ ಅಪಾರ್ಟ್‌ಮೆಂಟ್ ಬಾಡಿಗೆಯ ವ್ಯವಹಾರ. ಉಳಿದೆರಡಕ್ಕೆ ರಾಜ್ಯದ ಸಮಾಜ ಸೇವಾ ಇಲಾಖೆಯ ಪರವಾನಗಿ ಬೇಕು. ವಾರಕ್ಕೊಮ್ಮೆ ಕೋಣೆ ಗುಡಿಸಿ ಒರೆಸುವುದು, ಆಸ್ಪತ್ರೆಗೂ ಅಂಗಡಿಗೂ ಕರೆದೊಯ್ಯುವ ವ್ಯಾನು, ಕುರ್ಚಿಯಲ್ಲಿ ಕುಳಿತೇ ಮಾಡುವ ಯೋಗ, ಬಿಂಗೋ ಆಟ ಇವೆಲ್ಲ ಕರಪತ್ರದಲ್ಲಿ ಅಂದದ ಫೋಟೋಗಳೊಡನೆ ಇರುತ್ತವೆ.

ಕರಪತ್ರದಲ್ಲಿ ಅಷ್ಟಾಗಿ ಕಾಣದಿರುವುದು ಇಲ್ಲಿ ನಡೆಯುವ ಅಳತೆ. ಅಸಿಸ್ಟೆಡ್ ಲಿವಿಂಗ್‌ಗೆ ಬರುವವರನ್ನು ನಮ್ಮ ನರ್ಸ್ ಮೊದಲು ಭೇಟಿಯಾಗುತ್ತಾರೆ. ಹವಾಮಾನ, ಮೊಮ್ಮಕ್ಕಳು ಎಂದು ಮಾತನಾಡುತ್ತಲೇ ಅವರ ಕಣ್ಣು ಬೇರೆಡೆ ಇರುತ್ತದೆ: ಎದುರಿಗಿದ್ದವರು ಕುರ್ಚಿಯಿಂದ ಏಳುವಾಗ ಎರಡೂ ಕೈಗಳನ್ನು ಊರುತ್ತಾರೆಯೇ, ಸ್ವೆಟರಿನ ಗುಂಡಿಗಳು ಸರಿಯಾದ ಕಾಜಗಳಲ್ಲಿವೆಯೇ, ಶೂ ಲೇಸಿನ ಬದಲು ಅಂಟುಪಟ್ಟಿಯ ಚಪ್ಪಲಿ ಹಾಕಿದ್ದಾರೆಯೇ. ಸ್ನಾನ, ಉಡುಪು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹತೋಟಿ, ಊಟ ಈ ಆರು ಕೆಲಸಗಳ ಪಟ್ಟಿಯನ್ನು ಕ್ಲೀವ್‌ಲ್ಯಾಂಡ್‌ನ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ಸಂಗಡಿಗರು 1963ರಲ್ಲಿ ಪ್ರಕಟಿಸಿದರು. ಕೈತಪ್ಪಿದ ಈ ಶಕ್ತಿಗಳು ರೋಗಿಗೆ ಮರಳಿ ಬರುವಾಗ ಮಗು ಅವನ್ನು ಕಲಿಯುವ ಕ್ರಮದಲ್ಲೇ ಬರುತ್ತವೆ ಎಂದು ಅವರು ಗಮನಿಸಿದ್ದರು. ಅದರ ತಿರುವುಮುರುವನ್ನು ನಾನು ಇಲ್ಲಿ ನೋಡುತ್ತೇನೆ: ಮೊದಲು ಬಿಟ್ಟುಕೊಡಬೇಕಾಗುವುದು ಸ್ನಾನ, ಕಡೆಯವರೆಗೂ ಉಳಿಯುವುದು ತುತ್ತನ್ನು ಬಾಯಿಗೆ ಒಯ್ಯುವ ಕೈ.

ಪ್ರತಿ ಕೆಲಸಕ್ಕೂ ಎಷ್ಟು ನೆರವು ಬೇಕೆಂದು ನೋಡಿ ನರ್ಸ್ ಹಾಕುವ ಅಂಕ, ಅಂಕಗಳ ಮೊತ್ತಕ್ಕೆ ತಕ್ಕ ದರ. ಕೋಣೆ ಮತ್ತು ಊಟದ ಮೂಲ ಬಾಡಿಗೆಯ ಮೇಲೆ ಇದು ಕೂಡುತ್ತದೆ; ಎರಡೂ ಸೇರಿ ತಿಂಗಳಿಗೆ ಐದಾರು ಸಾವಿರ ಡಾಲರ್ ಎಂಬುದು ಈ ದೇಶದಲ್ಲಿ ಸಾಮಾನ್ಯ. ಹೊರಗಿನಿಂದ ಕೊಂಡ ದೀರ್ಘಕಾಲೀನ ಆರೈಕೆಯ ವಿಮೆ ಇದ್ದರೂ, ಸಾಮಾನ್ಯವಾಗಿ ಆ ಆರರಲ್ಲಿ ಎರಡು ಕೆಲಸಗಳು ಕೈಮೀರಿದ ಮೇಲೆಯೇ ಅದು ಹಣ ಕೊಡುತ್ತದೆ. ಅಪ್ಪ ಅಮ್ಮನನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಳ್ಳುವವರು ಇನ್ನೂ ಒಂದನ್ನು ತಿಳಿದಿರಬೇಕು. ಅರವತ್ತೈದು ದಾಟಿ, ಇಲ್ಲಿ ಸತತ ಐದು ವರ್ಷ ನೆಲೆಸಿದ ಮೇಲೆ ಪ್ರೀಮಿಯಂ ಕಟ್ಟಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಪಡೆಯಬಹುದು. ಆದರೆ 1965ರಲ್ಲಿ ಕಾನೂನಾದ ಆ ಮೆಡಿಕೇರ್ ಇಂತಹ ವಾಸಕ್ಕೆ ಒಂದು ಡಾಲರನ್ನೂ ಕೊಡುವುದಿಲ್ಲ. ಆಸ್ಪತ್ರೆಯಲ್ಲಿ ಮೂರು ದಿನ ಒಳರೋಗಿಯಾಗಿದ್ದು, ನಂತರ ನರ್ಸಿಂಗ್ ಕೇಂದ್ರದಲ್ಲಿ ಚಿಕಿತ್ಸೆ ಬೇಕಾದರೆ ಹೆಚ್ಚೆಂದರೆ 100 ದಿನ, ಅದರಲ್ಲೂ ಪೂರ್ತಿ ಖರ್ಚು ಮೊದಲ 20 ದಿನಗಳದ್ದು ಮಾತ್ರ. ದಿನನಿತ್ಯ ಸ್ನಾನ ಮಾಡಿಸುವುದು ಅದರ ಲೆಕ್ಕದಲ್ಲಿ ಚಿಕಿತ್ಸೆಯೇ ಅಲ್ಲ.

ಆಸರೆಗೆ ಅಂಕ ಹಾಕುವುದು ಕೇಳುವಾಗ ಕಟುವೆನಿಸುತ್ತದೆ. ನೋಡುತ್ತ ಬಂದಂತೆ ಅದರೊಳಗಿನ ಮರ್ಯಾದೆಯೂ ನನಗೆ ಕಂಡಿದೆ. ಬೆನ್ನು ಉಜ್ಜಲು ಮಾತ್ರ ಸಹಾಯ ಬೇಕೆಂದವರ ತಲೆಗೆ ಯಾರೂ ಸೋಪು ಹಚ್ಚುವುದಿಲ್ಲ. ನಮ್ಮ ಮನೆಗಳಲ್ಲಿ ಪ್ರೀತಿಯ ಹೆಸರಿನಲ್ಲಿ ಅಜ್ಜಿಯ ಕೈಯಿಂದ ಸೌಟು ಕಸಿದು ಮೂಲೆಯಲ್ಲಿ ಕೂರಿಸುತ್ತೇವಲ್ಲ, ಆ ಬಗೆಯ ಅತಿ ಉಪಚಾರಕ್ಕೆ ಇಲ್ಲಿ ಎಡೆಯಿಲ್ಲ. ಅದಕ್ಕೆ ಹಣ ತೆರಬೇಕು ಎಂಬುದೂ ಒಂದು ಕಾರಣವಿರಬಹುದು! ಅದೇ ಕಟ್ಟುನಿಟ್ಟು ಮಾತ್ರೆಗಳ ವಿಷಯದಲ್ಲಿ ಮಕ್ಕಳನ್ನು ರೇಗಿಸುತ್ತದೆ. ಯಾರ ಔಷಧವನ್ನು ನಾವು ನೋಡಿಕೊಳ್ಳುತ್ತೇವೋ ಅವರಿಗೆ ತಲೆನೋವಿನ ಮಾತ್ರೆಯನ್ನೂ ವೈದ್ಯರ ಬರಹವಿಲ್ಲದೆ ಕೊಡುವಂತಿಲ್ಲ. ಊರಿನಿಂದ ತಂದ ತ್ರಿಫಲಾ ಚೂರ್ಣದ ಡಬ್ಬಿಯನ್ನು ನಾನು ಹಲವು ಸಲ ಮಕ್ಕಳ ಕೈಗೇ ಮರಳಿಸಬೇಕಾಗಿದೆ.

ಹಲವು ಕೋಣೆಗಳಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಿಂದ ಸಿಕ್ಕಿಸಿದ ಗಾಢ ಗುಲಾಬಿ ಬಣ್ಣದ ಹಾಳೆಯೊಂದಿರುತ್ತದೆ. ಉಸಿರು ನಿಂತರೆ ಎದೆ ಒತ್ತಿ ಬದುಕಿಸಲು ಯತ್ನಿಸಬೇಕೇ, ಕೊಳವೆಯಲ್ಲಿ ಆಹಾರ ಕೊಡಬೇಕೇ ಎಂಬುದಕ್ಕೆ ಆ ಕೋಣೆಯವರ ಉತ್ತರ, ಅವರ ಮತ್ತು ವೈದ್ಯರ ಸಹಿಯೊಂದಿಗೆ ಅದರಲ್ಲಿದೆ. ಆಂಬುಲೆನ್ಸಿನವರು ಬಂದೊಡನೆ ನೋಡುವುದು ಅಲ್ಲಿಯೇ. ನಮ್ಮಲ್ಲಾದರೆ ಇಂತಹ ಮಾತೆತ್ತಿದರೆ ‘ಬಿಡ್ತು ಅನ್ನು’ ಎನ್ನುತ್ತಾರೆ. ಇಲ್ಲಿ ಅದೇ ಬಾಗಿಲಿನ ಮೇಲೆ ಮೊಮ್ಮಗಳು ಬರೆದ ಚಿತ್ರವೂ ಈ ವಾರದ ಬಿಂಗೋ ವೇಳಾಪಟ್ಟಿಯೂ ಇರುತ್ತವೆ.

ಅಳತೆಗೆ ಸಿಗದ್ದೂ ಉಂಟು. ಮಂಡ್ಯದ ಕಡೆಯ ಅಮ್ಮ ಒಬ್ಬರಿದ್ದಾರೆ. ಸಸ್ಯಾಹಾರವೆಂದರೆ ಸಲಾಡು ಮತ್ತು ಚೀಸ್ ಸ್ಯಾಂಡ್‌ವಿಚ್ ಎಂದು ತಿಳಿದಿರುವ ನಮ್ಮ ಅಡುಗೆಮನೆಯೊಂದಿಗೆ ಅವರು ಹೇಗೋ ರಾಜಿಯಾಗಿದ್ದಾರೆ, ಶನಿವಾರ ಮಗ ತರುವ ಸಾರಿನ ಡಬ್ಬಿಯ ಬಲದಿಂದ. ಸ್ನಾನ ಮಾಡಿಸುವ ಫಿಲಿಪ್ಪೀನ್ಸ್‌ನ ಹೆಣ್ಣುಮಗಳು ಅವರಿಗೆ ಅಚ್ಚುಮೆಚ್ಚು. ಇಬ್ಬರ ನಡುವೆ ಭಾಷೆಯಿಲ್ಲ, ನಗುವಿದೆ. ಆದರೂ ಸಂಜೆ ನನ್ನ ಮೇಜಿನ ಮುಂದೆ ಹಾದುಹೋಗುವಾಗಲೆಲ್ಲ, ‘ಕೆಲ್ಸ ಮುಗೀತೇನವ್ವಾ? ಐದು ನಿಮ್ಷ ಬಂದು ಕೂತ್ಕಂಡು ಹೋಗು’ ಎನ್ನುತ್ತಾರೆ. ಹೀಗೆ ಕೂರುವುದಕ್ಕೆ ಬಿಲ್ಲಿನಲ್ಲಿ ಸಾಲಿಲ್ಲ, ಸಿಬ್ಬಂದಿಯ ಸಂಖ್ಯೆಯಲ್ಲಿ ಜಾಗವೂ ಇಲ್ಲ. ನನ್ನ ಪಾಲಿಗೆ ಈ ವ್ಯವಸ್ಥೆಯ ದೊಡ್ಡ ಕೊರತೆ ಇದೇ. ಫ್ಲಾರಿಡಾದ ಟವಾರೆಸ್‌ನಲ್ಲಿ ಭಾರತೀಯ ಮೂಲದ ಹಿರಿಯರಿಗೆಂದೇ ಶಾಂತಿನಿಕೇತನ ಎಂಬ ಸಮುದಾಯ ತಲೆಯೆತ್ತಿದ್ದು ಇಂತಹ ಹಸಿವಿನಿಂದಲೇ ಇರಬೇಕು.

ಹಾಗೆಂದು ಇಲ್ಲಿನವರು ಕೊಟ್ಟದ್ದನ್ನು ತೆಗೆದುಕೊಂಡು ಸುಮ್ಮನಿರುವವರಲ್ಲ. ನಿವಾಸಿಗಳದ್ದೇ ಒಂದು ಮಂಡಳಿಯಿದೆ. ಅದನ್ನು ಕಟ್ಟಿಕೊಳ್ಳುವ ಹಕ್ಕು ಅವರಿಗೆ ಕಾನೂನಿನಲ್ಲಿದೆ. ದೂರುಗಳನ್ನು ಹೊರಗಿನಿಂದ ಬಂದು ವಿಚಾರಿಸುವ ಒಂಬುಡ್ಸ್‌ಮನ್‌ರ ಫೋನ್ ನಂಬರು ದೊಡ್ಡ ಅಕ್ಷರಗಳಲ್ಲಿ ಗೋಡೆಯ ಮೇಲಿದೆ. ಕಳೆದ ಸಭೆಯಲ್ಲಿ ಜಗಳವಾದದ್ದು ರಾತ್ರಿಯೂಟವನ್ನು ಸಂಜೆ ನಾಲ್ಕೂವರೆಗೇ ಬಡಿಸುವುದರ ಬಗ್ಗೆ. ಅಡುಗೆಯವರ ಪಾಳಿ ಬೇಗ ಮುಗಿಯುತ್ತದೆ ಎಂಬ ವ್ಯವಸ್ಥಾಪಕರ ಸಮಜಾಯಿಷಿಗೆ, ಹಿಂದೆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ಹಿರಿಯರೊಬ್ಬರು ಎದ್ದು ನಿಂತು, ‘ನಾನು ಬಾಡಿಗೆ ಕಟ್ಟುವುದು ನನ್ನ ಹಸಿವಿನ ಹೊತ್ತಿಗೆ, ನಿಮ್ಮ ಪಾಳಿಯ ಹೊತ್ತಿಗಲ್ಲ’ ಎಂದರು. ಮುಂದಿನ ತಿಂಗಳಿನಿಂದ ಎರಡನೆಯ ಪಂಕ್ತಿ ಐದೂಮುಕ್ಕಾಲಿಗೆ.