ಹೈಡ್ರಾದಿಂದ ದೊಡ್ಡ ಕ್ರೇನಿಗೆ ಬಂದವ್ರಿಗೆ ನಾ ಮೊದ್ಲು ಕಲಿಸೋದು

ಸೇಡಂ, ಚಿತ್ತಾಪುರ ಕಡೆ ರಿಪೇರಿಗಂತ ಸಿಮೆಂಟ್ ಫ್ಯಾಕ್ಟರಿ ಶಟ್‌ಡೌನ್ ಬಂತಂದ್ರ ತೋಳು ಉದ್ದ ಚಾಚೋ ದೊಡ್ಡ ಟೆಲಿಸ್ಕೋಪಿಕ್ ಕ್ರೇನ್ ಬರ್ತಾವ, ಆಪರೇಟರ್ ಸಾಲಲ್ಲ, ಆಗ ಹೈಡ್ರಾ (ಮಾಲ್ ಎತ್ತಿಕೊಂಡೇ ಓಡಾಡೋ ಸಣ್ಣ ಕ್ರೇನ್) ನಡೆಸೋ ನಮ್ಮ ಹುಡುಗ್ರನ್ನೇ ಕೂಡಿಸ್ತಾರ. ನಾನೂ ಹಂಗೇ ಬಂದವ, ಎಂಟು ವರ್ಷ ಹೈಡ್ರಾ ನಡೆಸಿ 50 ಟನ್ನಿನ ಕ್ಯಾಬಿನ್ ಹತ್ತಿದೆ. ಈಗ ಹೊಸಬ್ರಿಗೆ ಕಲಿಸ್ತೀನಿ.

ಹೈಡ್ರಾದಾಗ ಹಿಂದಿನ ಟೈರ್ ಹಗುರಾದ್ರ ಕೂತಲ್ಲೇ ಗೊತ್ತಾಗ್ತದ, ಮಾಲ್ ಇಳಿಸಿಬಿಡ್ತೀವಿ. ಆ ಅಂದಾಜು ದೊಡ್ಡ ಕ್ರೇನಿಗೆ ತಂದ್ರ ಜೀವಕ್ಕೇ ಕುತ್ತು. ಬೂಮ್ (ಕ್ರೇನಿನ ತೋಳು) ಗಿಡ್ಡ ಇಟ್ಟು ಹತ್ರದಾಗ ಭಾರ ಎತ್ತುವಾಗ ಕ್ರೇನ್ ವಾಲೋಕಿಂತ ಮೊದ್ಲೇ ಬೂಮೇ ಮುರೀಬಹುದು. ಎಷ್ಟು ದೂರಕ್ಕ ಎಷ್ಟು ಭಾರ ಎತ್ತಬಹುದಂತ ಹೇಳೋ ಲೋಡ್ ಚಾರ್ಟಿನಾಗ ಭಾಳ ಕಡೆ ದಪ್ಪ ಗೆರೆ ಎಳೆದಿರ್ತಾರ ನೋಡ್ರಿ, ಅದರ ಮ್ಯಾಲಿನ ಅಂಕಿ ಉಕ್ಕಿನ ತಾಕತ್ತಿಂದು, ಕೆಳಗಿಂದು ಪಲ್ಟಿ ಲೆಕ್ಕದ್ದು. ಮ್ಯಾಲಿನ ಭಾಗದಾಗ ಯಾವ ಸೂಚನಾನೂ ಬರಲ್ಲ, ಸೀದಾ ಮುರಿತದ.

ಅದಕ್ಕ ಮೊದಲ ದಿನ ಲಿವರ್ ಮುಟ್ಟಸಲ್ಲ, ಚಾರ್ಟ್ ಓದಸ್ತೀನಿ. 50 ಟನ್ ಅಂತ ಬರೆದಿರೋದು ಸುಮಾರು 3 ಮೀಟರ್ ರೇಡಿಯಸ್ಸಿಗೆ (ಕ್ರೇನ್ ತಿರುಗೋ ನಡುವಿನಿಂದ ಹುಕ್ಕಿನ ತನಕ ಅಡ್ಡ ದೂರಕ್ಕ) ಅಷ್ಟೇ, ದೂರ ಹೋದಂಗ ಕೆಲವೇ ಟನ್ನಿಗೆ ಬರ್ತದ, ಅದ್ರಾಗೂ ಹುಕ್ ಬ್ಲಾಕು, ಮಾಲ್ ಕಟ್ಟೋ ಸ್ಲಿಂಗು, ಶಾಕಲ್ ತೂಕ ಕಳಿಬೇಕು. ಎರಡನೇ ದಿನ ತೂಕ ಗೊತ್ತಿರೋ ಕಾಂಕ್ರೀಟ್ ಬ್ಲಾಕ್ ಕಟ್ಟಿಸಿ, ಎತ್ತೋ ಮೊದ್ಲು ಟೇಪ್ ಹಿಡಿದು ರೇಡಿಯಸ್ ಅಳಸ್ತೀನಿ, ನೆಲ ಬಿಟ್ಟ ಮ್ಯಾಲ ಮತ್ತ ಅಳಸ್ತೀನಿ. ಬೂಮ್ ಬಗ್ಗಿ ಬ್ಲಾಕ್ ಹೊರಗ ಸರದಿರ್ತದ, ರೇಡಿಯಸ್ ಹೆಚ್ಚಾಗಿರ್ತದ. ಹುಡುಗ್ರು ಟೇಪ್ ನೋಡಿ ಸುಮ್ಮನಾಗ್ತಾರ. ಹತ್ತು ಸಲ ಬಾಯಲ್ಲಿ ಹೇಳಿದ್ರೂ ಅಷ್ಟು ತಲಿಗೆ ಹೋಗಲ್ಲ.

ಎಲ್‌ಎಂಐ (ಭಾರ ಮಿತಿ ಮೀರಿದ್ರ ಎಚ್ಚರಿಸೋ ಯಂತ್ರ) ಬೀಪ್ ಬಂದಾಗ ನೋಡಿದ್ರಾಯ್ತು ಅಂತಾರ ಕೆಲವ್ರು. ಅದಕ್ಕ ಕೌಂಟರ್‌ವೇಟ್ (ಹಿಂದಿನ ಸಮತೂಕ) ಎಷ್ಟು, ಕ್ರೇನ್ ನಿಲ್ಲೋ ಜಾಕ್ ಕಾಲು ಎಷ್ಟು ಹೊರಗ ಅದ, ಹುಕ್ಕಿಗೆ ರೋಪ್ ಎಷ್ಟು ಲೈನ್ ಅದ ಅಂತ ಹೇಳೋರು ನಾವೇ, ಅಲ್ಲಿ ತಪ್ಪಾದ್ರ ಬೀಪೂ ತಪ್ಪೇ.

ಇನ್ನ ನಮ್ಮ ಎರೆ ಭೂಮಿ. ಬ್ಯಾಸಿಗ್ಯಾಗ ಮ್ಯಾಲ ಕಲ್ಲಿನಂಗ ಕಾಣ್ತದ, ಒಳಗ ಬಿರುಕು, ಮಳಿ ಬಿದ್ರ ಬೆಣ್ಣಿ. ಒಂದ್ ಸಲ ಮೊದಲ ಮಳಿ ಆದ ಮರುದಿನ ನಾನು ಜಾಕಿನ ಕೆಳಗ ಬರೇ ಪ್ಲೇಟ್ ಹಾಕಿ ಮೋಟರ್ ಎತ್ತಿದೆ, ಸ್ಲೀಪರ್ (ಜಾಕಿನ ಕೆಳಗ ಹಾಸೋ ದಪ್ಪ ಮರದ ತುಂಡು) ತರೋಕೆ ಟೈಮಿಲ್ಲ ಅಂದಿದ್ರು, ನಾನೂ ಹೂಂ ಅಂದೆ. ಒಂದು ಮೂಲಿ ಗೇಣಷ್ಟು ಇಳೀತು. ಮೋಟರ್ ಆಗಷ್ಟೇ ನೆಲ ಬಿಟ್ಟಿತ್ತು, ಇಳಿಸಿಬಿಟ್ಟೆ. ಕೆಳಗ ನಿಂತಿದ್ದ, ಮಾಲ್ ಕಟ್ಟೋ ರಿಗ್ಗರ್ ಮುಖ ಇನ್ನೂ ಕಣ್ಮುಂದ ಅದ. ಬೂಮ್ ಯಾವ ಮೂಲಿ ಕಡೆ ತಿರಗ್ತದೋ ಕ್ರೇನು, ಮಾಲು ಎರಡರ ಬಹುಪಾಲು ಭಾರ ಆ ಒಂದೇ ಜಾಕಿನ ಮ್ಯಾಲ ಕೂಡ್ತದ, ಅದು ನನಗ ಆವತ್ತು ಯಾರೂ ಕಲಿಸಿರಲಿಲ್ಲ. ಈಗ ನನ್ನ ಹುಡುಗ್ರು ಸ್ಲೀಪರ್ ಜೋಡಿಸಿ, ಬೂಮ್ ಖಾಲಿ ತಿರುಗಿಸಿ, ನಾಲ್ಕೂ ಜಾಕು, ಲೆವೆಲ್ಲಿನ ಗುಳ್ಳಿ ನೋಡಿದ ಮ್ಯಾಲೇ ಹುಕ್ ಇಳಿಸ್ತಾರ.

ಹಿಂಗ ಕಲಿಸೋಕೆ ಮಷಿನ್ ಬೇಕು, ಬಾಡಿಗಿ ಮೀಟರ್ ಓಡ್ತದಂತ ಯಾರೂ ಕೊಡಲ್ಲ. ಮಾಲೀಕ್ರೇ, ಕಾಂಟ್ರಾಕ್ಟರ್ ಸಾಹೇಬ್ರೇ, ಶಟ್‌ಡೌನಿಗೆ ಎರಡು ದಿನ ಮೊದ್ಲು ಕ್ರೇನ್ ತರಿಸಿ ಆ ಹುಡುಗ್ರ ಕೈಗೆ ಕೊಡ್ರಿ.