ಬಾಂಬೆಗೂ ಬಂದಿದ್ದ ಹಡಗು

ಲಂಡನ್ನಿನ ಅಕ್ಕನ ಮನೆಯಲ್ಲಿ ಹತ್ತು ದಿನ ಇದ್ದೆ. ಅರಮನೆ, ಮ್ಯೂಸಿಯಂ ಎಲ್ಲ ನೋಡಿದೆ. ಮನಸ್ಸಿನಲ್ಲಿ ಉಳಿದಿದ್ದು ಹತ್ತಿರದ ಚಾಟಂ ಊರಿನ ಹಳೇ ಯುದ್ಧಹಡಗು.

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಆಗಲಿಲ್ಲ. ಅಲ್ಲಿನ ಡ್ರೈ ಡಾಕ್‌ನಲ್ಲಿ, ಅಂದರೆ ನೀರು ಬಸಿದ ಹಡಗುಕಟ್ಟೆಯಲ್ಲಿ, ಎಚ್‌ಎಂಎಸ್ ಕ್ಯಾವಲಿಯರ್ ನಿಂತಿದೆ. ಎರಡನೇ ಮಹಾಯುದ್ಧದ ಬ್ರಿಟಿಷ್ ನೌಕಾಪಡೆಯ ಡೆಸ್ಟ್ರಾಯರ್‌ಗಳಲ್ಲಿ (ವೇಗದ ಕಾವಲು ಯುದ್ಧಹಡಗುಗಳಲ್ಲಿ) ಉಳಿದಿರುವುದು ಇದೊಂದೇ. 1944ರಲ್ಲಿ ನೀರಿಗಿಳಿದ ಹಡಗು. ಮುಂದೆ, ಹಿಂದೆ ವೆಲ್ಡಿಂಗ್. ನಡುಭಾಗಕ್ಕೆ ಮಾತ್ರ ಹಳೇ ಪದ್ಧತಿಯಂತೆ ರಿವೆಟ್, ಅಂದರೆ ಹಾಳೆಗಳನ್ನು ಜೋಡಿಸುವ ಲೋಹದ ಮೊಳೆ. ವೆಲ್ಡಿಂಗ್ ಮೇಲೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಒಳಗಿನ ಕಬ್ಬಿಣದ ಏಣಿಗಳು ತುಂಬ ಕಡಿದು. ಅಕ್ಕನ ಚಪ್ಪಲಿ ಜಾರಿ ಮೊಣಕಾಲು ತರಚಿತು. ಹೋಗುವವರು ದಯವಿಟ್ಟು ಶೂ ಹಾಕಿಕೊಳ್ಳಿ, ದೊಡ್ಡ ಬ್ಯಾಗ್ ಬೇಡ.

ಮೇಲೆ ಫಿರಂಗಿಯ ಹತ್ತಿರ ಒಬ್ಬ ವಯಸ್ಸಾದ ಗೈಡ್ ಇದ್ದರು. 1945ರ ಫೆಬ್ರವರಿಯಲ್ಲಿ ರಷ್ಯಾದಿಂದ ಬರುತ್ತಿದ್ದ ಸರಕು ಹಡಗುಗಳು ಬಿರುಗಾಳಿಗೆ ಚದುರಿದಾಗ ಕಾಯಲು ಹೋದ ಹಡಗುಗಳಲ್ಲಿ ಇದೂ ಒಂದು ಎಂದರು. ಆ ಚಳಿ ನೆನೆಸಿಕೊಂಡೇ ನನಗೆ ಮೈ ನಡುಗಿತು. ಆಮೇಲೆ ಕೇಳಿದರು: "ನೀವು ಎಲ್ಲಿಯವರು?"

"ಇಂಡಿಯಾ."

"ಹಾಗಾದರೆ ಇದು ನಿಮ್ಮ ದೇಶಕ್ಕೂ ಬಂದಿದೆ. 1946ರ ಫೆಬ್ರವರಿ, ಬಾಂಬೆ."

ನೌಕಾ ಬಂಡಾಯ! ಬಾಂಬೆಯ 'ತಲ್ವಾರ್' ನೆಲೆಯಲ್ಲಿ ಫೆಬ್ರವರಿ 18ಕ್ಕೆ, ಬ್ರಿಟಿಷರ ಕೈಕೆಳಗಿದ್ದ ನಮ್ಮ ನಾವಿಕರು ಕೆಲಸ ನಿಲ್ಲಿಸಿದ್ದರು. ಕೆಟ್ಟ ಊಟ, ಕಡಿಮೆ ಸಂಬಳ, ಅಧಿಕಾರಿಗಳ ಬೈಗುಳ ಸಾಕಾಗಿತ್ತು. ಕೆಲವೇ ದಿನದಲ್ಲಿ ಸುಮಾರು 20,000 ಜನ ಸೇರಿಕೊಂಡರು. ಅವರನ್ನು ಅಡಗಿಸಲು ಕಳಿಸಿದ ಹಡಗುಗಳಲ್ಲಿ ಇದೂ ಒಂದು.

"ಊಟ ಸರಿಯಿಲ್ಲ ಅಂದಿದ್ದಕ್ಕೆ ಇಷ್ಟು ದೊಡ್ಡ ಫಿರಂಗಿ ಕಳಿಸಿದ್ರಾ?" ಅಕ್ಕ ನನ್ನನ್ನು ಕನ್ನಡದಲ್ಲಿ ಕೇಳಿದಳು. ಅದನ್ನೇ ನಾನು ಗೈಡ್‌ಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದರು.

"ನಮ್ಮ ಹುಡುಗರೂ ಇಲ್ಲಿ ಊಟದ ಬಗ್ಗೆ ದಿನಾ ಗೊಣಗುತ್ತಿದ್ದರು," ಎಂದರು. "ಅವರ ಮೇಲೆ ಯಾರೂ ಹಡಗು ಕಳಿಸಲಿಲ್ಲ."

ಅವರು ಹಾಗೆ ನೇರವಾಗಿ ಹೇಳಿದ್ದು ನನಗೆ ತುಂಬ ಹಿಡಿಸಿತು.

ಕೆಳಗಿಳಿದು ನಾವಿಕರು ಹ್ಯಾಮಕ್ ಕಟ್ಟಿ ಮಲಗುತ್ತಿದ್ದ ಜಾಗ ನೋಡಿದೆವು. ತಲೆ ಎತ್ತಲು ಆಗದಷ್ಟು ಇಕ್ಕಟ್ಟು. ಹೊರಗೆ, ಯುದ್ಧದಲ್ಲಿ ಮುಳುಗಿದ 142 ಡೆಸ್ಟ್ರಾಯರ್‌ಗಳ ಮತ್ತು ಸತ್ತ 11,000 ನಾವಿಕರ ಸ್ಮಾರಕವಿದೆ. ಅದರ ಮುಂದೆ ಇಬ್ಬರೂ ಕೈಮುಗಿದೆವು.

ಬಂಡಾಯದ ನಾವಿಕರ ಸ್ಮಾರಕ ಮುಂಬೈನ ಕೊಲಾಬಾದಲ್ಲಿದೆ. ಎಷ್ಟೋ ಸಲ ಮುಂಬೈಗೆ ಹೋಗಿದ್ದೇನೆ, ಅಲ್ಲಿಗೆ ಒಮ್ಮೆಯೂ ಹೋಗಿಲ್ಲ. ರೈಲಿನಲ್ಲಿ ಅಕ್ಕ ಅಂದಳು, "ಡಿಸೆಂಬರ್‌ನಲ್ಲಿ ನಾನು ಊರಿಗೆ ಬರ್ತೀನಲ್ಲ, ಮುಂಬೈನಲ್ಲೇ ಇಳೀತೀನಿ. ನೀನೂ ಬಾ."